ಇಪ್ಪತ್ತೇಳು ಸೊನ್ನೆ ಐದು

"ಮೇಡಂ, ಇದು ಫ್ಯಾನ್ಸಿ ನಂಬರೇ ಅಲ್ವಲ್ಲಾ" ಎಂದು ತಿರುಮಲೇಶ ಅರ್ಜಿಯನ್ನು ಎರಡನೆಯ ಸಲ ಓದಿ, ಕೌಂಟರಿನ ಕಿಂಡಿಯಿಂದ ಆಚೆಗೆ ತಳ್ಳಿದ.

"ನಿಮಗಲ್ಲ. ನಂಗೆ ಫ್ಯಾನ್ಸಿನೇ" ಎಂದು ಅಲಮೇಲು ಅದನ್ನು ಅದೇ ಕಿಂಡಿಯಿಂದ ಒಳಕ್ಕೆ ತಳ್ಳಿದಳು.

ಜಯನಗರದ ಆರ್‌ಟಿಒ ಕಚೇರಿಯಲ್ಲಿ ಆ ಮಂಗಳವಾರ ಜನವೋ ಜನ. ಯುಗಾದಿಗೆ ಹನ್ನೊಂದು ದಿನ ಉಳಿದಿತ್ತು. ಹೊಸ ಗಾಡಿ ಕೊಂಡವರೆಲ್ಲ ಹಬ್ಬದೊಳಗೆ ನಂಬರ್ ಕೈಗೆ ಬರಬೇಕೆಂದು ಮುಗಿಬಿದ್ದಿದ್ದರು. ಒಬ್ಬರಿಗೆ ಒಂಬತ್ತು ಬೇಕು, ಒಬ್ಬರಿಗೆ ಮೂರು ಒಂಬತ್ತು ಬೇಕು, ಇನ್ನೊಬ್ಬರಿಗೆ ನಲವತ್ತೈದು ನಲವತ್ತೈದೇ ಆಗಬೇಕು. ಇವರ ನಡುವೆ ಐವತ್ತನಾಲ್ಕು ವರ್ಷದ ಹೆಂಗಸೊಬ್ಬಳು ಬಂದು, ಯಾರೂ ಕೇಳದ, ಯಾರಿಗೂ ಬೇಡದ ೨೭೦೫ಕ್ಕೆ ಫೀಸು ಕಟ್ಟುತ್ತೇನೆಂದು ಹಟ ಹಿಡಿದರೆ ಗುಮಾಸ್ತನಾದರೂ ಏನು ಮಾಡಿಯಾನು?

"ಕೂಡಿದ್ರೆ ಐದು ಬರುತ್ತೆ ಮೇಡಂ, ಒಂಬತ್ತು ಬರೋದು ತಗೊಳ್ಳಿ" ಎಂದು ಹಿಂದಿದ್ದ ಸಫಾರಿ ಸೂಟಿನವರು ಕೇಳದೆಯೇ ಸಲಹೆ ಕೊಟ್ಟರು.

"ನಾನು ಕೂಡೋಕೆ ಬಂದಿಲ್ಲ ಸಾರ್, ಕೊಡೋಕೆ ಬಂದಿದೀನಿ. ನಮ್ಮ ಯಜಮಾನ್ರಿಗೆ ಪ್ರೆಸೆಂಟು."

ತಿರುಮಲೇಶ ನಕ್ಕ. "ಸೀರೀಸ್ ಇನ್ನೂ ಅಲ್ಲಿಗೆ ಬಂದಿಲ್ಲ ಮೇಡಂ, ಕಾಯ್ಬೇಕಾಗುತ್ತೆ."

"ಗೊತ್ತು ಕಣಪ್ಪ. ಹೋದ ಸೋಮವಾರ ಇಪ್ಪತ್ತಮೂರು ಎಂಬತ್ತು ಆಗಿತ್ತು. ನಿನ್ನೆ ಸೌತ್ ಎಂಡ್ ಸರ್ಕಲ್ಲಲ್ಲಿ ಇಪ್ಪತ್ತೈದು ಹದಿನೆಂಟು ಹೋಯ್ತು, ಕೆಂಪು ಸ್ಯಾಂಟ್ರೋ, ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಬರೋ ವಾರ ಬುಧವಾರನೋ ಗುರುವಾರನೋ ನನ್ನ ನಂಬರ್ ಬರುತ್ತೆ. ಹಬ್ಬ ಶನಿವಾರ. ಬೇಕಾದಷ್ಟು ಟೈಮಿದೆ."

ತಿರುಮಲೇಶ ರಿಜಿಸ್ಟರ್ ತಿರುವಿ ನೋಡಿದ. ಆಮೇಲೆ ಅವಳ ಮುಖ ನೋಡಿದ. "ಮೇಡಂ ಯಾವ ಡಿಪಾರ್ಟ್‌ಮೆಂಟು?"

"ಟೆಲಿಫೋನ್ಸು. ಟ್ರಂಕ್ ಬೋರ್ಡು. ಇಪ್ಪತ್ತೊಂಬತ್ತು ವರ್ಷ" ಎಂದು ಅಲಮೇಲು ಪೆನ್ನಿನ ಮುಚ್ಚಳ ತೆಗೆದಳು. "ಸೈನ್ ಎಲ್ಲಿ ಮಾಡ್ಲಿ?"

ಅವಳ ತಲೆಯಲ್ಲಿ ನಂಬರುಗಳು ಸಂಸಾರ ಹೂಡಿದ್ದವು. ಎಸ್‌ಟಿಡಿ ಬಂದು ಟ್ರಂಕ್ ಬೋರ್ಡು ಮುಚ್ಚುವವರೆಗೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಊರೂರಿನ ಲೈನುಗಳನ್ನು ಜೋಡಿಸಿದವಳು ಅವಳು. ಗ್ಯಾಸ್ ಕನ್ಸ್ಯೂಮರ್ ನಂಬರು, ರೇಷನ್ ಕಾರ್ಡು, ಎಲ್‌ಐಸಿ ಪಾಲಿಸಿ, ಮಗಳು ಇಂಚರಳ ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರು, ಎಲ್ಲವೂ ನಾಲಗೆ ತುದಿಯಲ್ಲಿ. ಆದರೆ ಆ ಬೋರ್ಡಿನ ಮುಂದೆ ಅವಳಿಗೇ ಹೆಸರಿರಲಿಲ್ಲ. ಆಪರೇಟರುಗಳಿಗೆ ಹೆಸರು ಹೇಳುವ ಹಾಗಿಲ್ಲ, ನಂಬರು ಹೇಳಬೇಕು. "ಟ್ರಂಕ್ಸ್, ಟೂ ಒನ್ ಫೋರ್" ಎನ್ನುವುದೇ ಅವಳ ಹೆಸರು. ಅವಳಿಗಿಂತ ಮೊದಲು ಅದು ನಿವೃತ್ತರಾದ ಇನ್ನಾರದೋ ನಂಬರು. ಸೂಪರ್‌ವೈಸರ್ ಬೈಯುವಾಗಲೂ "ಟೂ ಒನ್ ಫೋರ್, ಏನ್ ನಿದ್ದೆ ಮಾಡ್ತಿದೀರಾ?" ಎಂದೇ ಬೈಯುತ್ತಿದ್ದರು. ಜೈಲಿನ ಕೈದಿಗೂ ತನಗೂ ಏನು ವ್ಯತ್ಯಾಸ ಎಂದು ಅವಳು ಎಷ್ಟೋ ಸಲ ರೇಗಿಕೊಂಡಿದ್ದುಂಟು.

ಗಂಡ ಸೀನು ಅವಳಿಗೆ ಗಂಟು ಬಿದ್ದಿದ್ದೂ ಆ ಬೋರ್ಡಿನಲ್ಲೇ. ಆಗ ಅವನು ಗಾಂಧಿಬಜಾರಿನ ಬ್ಯಾಂಕೊಂದರಲ್ಲಿ ಹೊಸ ಗುಮಾಸ್ತ. ದಿನಾ ಹನ್ನೊಂದಕ್ಕೆ ಹೆಡ್ ಆಫೀಸಿಗೆ ಕಾಲ್ ಬುಕ್ ಮಾಡುವುದು ಅವನ ಕೆಲಸ. ಒಂದು ವರ್ಷ ಕಾಲ್ ಬುಕ್ ಮಾಡಿದ. ಎರಡನೇ ವರ್ಷ ಒಂದು ದಿನ ಧೈರ್ಯ ಮಾಡಿ ಹೆಸರು ಕೇಳಿದ. ಹೇಳಲಿಲ್ಲ. ಮೂರನೇ ವರ್ಷ ಅವನೇ ವಿಚಾರಿಸಿ ಅವಳ ಮನೆ ಪತ್ತೆ ಮಾಡಿದ, ಎರಡು ಮನೆಯವರೂ ಜಾತಕ ನೋಡಿದರು. ಮದುವೆಯ ಮಂಟಪದಲ್ಲಿ ಪುರೋಹಿತರು ಗೋತ್ರ ಸಮೇತ ಅವಳ ಪೂರ್ತಿ ಹೆಸರನ್ನು ಎಲ್ಲರೆದುರು ದೊಡ್ಡದಾಗಿ ಹೇಳಿದಾಗ, ಇನ್ನು ಈ ಗಂಡಸಿನ ಪಾಲಿಗಾದರೂ ನಾನು ನಂಬರಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಅದು ಎಪ್ಪತ್ತೆರಡನೇ ಇಸವಿಯ ಮೇ ಇಪ್ಪತ್ತೇಳು.

ಇಪ್ಪತ್ತೇಳು, ಸೊನ್ನೆ ಐದು. ಆದರೆ ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂದರೂ ಸೀನುವಿಗೆ ಈ ತಾರೀಕು ಒಂದು ಸಲವೂ ತಾನಾಗಿ ನೆನಪಾಗಿರಲಿಲ್ಲ. ಅವನಿಗೆ ಯಾವ ನಂಬರೂ ನೆನಪಿರುತ್ತಿರಲಿಲ್ಲ ಅನ್ನಿ. ಬ್ಯಾಂಕಿನಲ್ಲಿ ಬರೆದಿಟ್ಟದ್ದನ್ನು ನೋಡಿ ಮಾಡುತ್ತಿದ್ದ, ಮನೆಗೆ ಬಂದರೆ ಹೆಂಡತಿಯನ್ನು ಕೇಳುತ್ತಿದ್ದ. ಪ್ರತಿ ವರ್ಷ ಮೇ ಇಪ್ಪತ್ತಾರರ ರಾತ್ರಿ ಇಂಚರ ಅಪ್ಪನ ಕಿವಿ ಕಚ್ಚುತ್ತಿದ್ದಳು. ಬೆಳಿಗ್ಗೆ ಅವನು ಮಲ್ಲಿಗೆ ಹೂವು ಹಿಡಿದುಕೊಂಡು, ಪಾಠ ಒಪ್ಪಿಸುವ ಹುಡುಗನ ಹಾಗೆ ಬಂದು ನಿಲ್ಲುತ್ತಿದ್ದ. ಅಲಮೇಲುವಿಗೆ ಇದು ಗೊತ್ತಿಲ್ಲವೆಂದು ಅಪ್ಪ ಮಗಳು ಇಬ್ಬರೂ ತಿಳಿದಿದ್ದರು, ಪಾಪ!

ಫೆಬ್ರವರಿ ಕೊನೆಗೆ ಸೀನು ನಿವೃತ್ತನಾದ. ಬಂದ ದುಡ್ಡಿನಲ್ಲಿ ಬೆಳ್ಳಿ ಬಣ್ಣದ ಒಂದು ಜೆನ್ ಕಾರು ಬುಕ್ಕಾಯಿತು. ಕಾರು ಅವನದು, ಓಡಿಸುವವಳು ಅಲಮೇಲು. ಸ್ಟೇರಿಂಗ್ ಹಿಡಿದರೆ ಅವನ ಅಂಗೈ ಬೆವರುತ್ತಿತ್ತು. ಇವಳು ಐವತ್ತೆರಡರಲ್ಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದಿಟ್ಟುಕೊಂಡಿದ್ದಳು. "ಹಾಗಾದ್ರೆ ಕಾಗದಪತ್ರ ನನ್ನ ಜವಾಬ್ದಾರಿ" ಎಂದು ಸೀನು ಗಂಭೀರವಾಗಿ ಹೇಳಿ, ಕಾರಿನ ಬಿಲ್ಲನ್ನು ತನ್ನ ಕಪ್ಪು ಬ್ರೀಫ್‌ಕೇಸಿನಲ್ಲಿ ಇಟ್ಟುಕೊಂಡ. ಎಂಬತ್ತನಾಲ್ಕರಲ್ಲಿ ಆಫೀಸರ್ ಆದಾಗ ಕೊಂಡದ್ದು ಅದು, ಮೂರು ಹಲ್ಲುಗಾಲಿಯ ನಂಬರ್ ಲಾಕಿನದು. ಆ ಮನೆಯಲ್ಲಿ ಅಲಮೇಲು ಮುಟ್ಟದ ನಂಬರೆಂದರೆ ಅದೊಂದೇ. "ಅದಕ್ಕೇನು, ಸೊನ್ನೆ ಸೊನ್ನೆ ಸೊನ್ನೆನೇ ಇಟ್ಟಿರ್ತಾರೆ" ಎಂದು ಅವಳು ಮಗಳ ಹತ್ತಿರ ನಗಾಡುತ್ತಿದ್ದಳು.

ಕಾರಿನ ನಂಬರ್ ತನ್ನ ಕಡೆಯಿಂದ ಉಡುಗೊರೆ ಎಂದು ಅವಳು ತೀರ್ಮಾನಿಸಿದ್ದು ಆಗಲೇ. ದಿನಾ ಕಣ್ಣಿಗೆ ಬೀಳುವ ನಂಬರ್ ಆಯ್ತಲ್ಲ, ಇನ್ನು ಹೇಗೆ ಮರೀತಾರೋ ನೋಡ್ತೀನಿ! ನೋಡಿದ ತಕ್ಷಣ ಗೊತ್ತಾಗಿಬಿಡುತ್ತೆ. ಗೊತ್ತಾಗದೆ ಇರೋದಕ್ಕೆ ಸಾಧ್ಯವೇ ಇಲ್ಲ.

ಅವಳ ಲೆಕ್ಕದಂತೆ ಗುರುವಾರವೇ ನಂಬರ್ ಬಂತು. ಯಡಿಯೂರು ಕೆರೆಯ ಪಕ್ಕದಲ್ಲಿ ಬೋರ್ಡು ಬರೆಯುವ ದ್ಯಾಮಣ್ಣನ ಅಂಗಡಿಗೆ ಅವಳೇ ಪ್ಲೇಟು ಹೊತ್ತುಕೊಂಡು ಹೋದಳು. ದ್ಯಾಮಣ್ಣ ಹಾವೇರಿ ಕಡೆಯವನು, ಬ್ರಷ್ಷು ಹಿಡಿದು ಇಪ್ಪತ್ತು ವರ್ಷವಾಗಿತ್ತು.

"ಅಕ್ಕಾರ, ಈಗ ಎಲ್ಲಾರೂ ಸ್ಟಿಕರ್ ಹಚ್ಚಸ್ತಾರ. ನೀವು ಬಣ್ಣದಾಗ ಬರಸ್ತೀರೇನು?"

"ಬಣ್ಣದಲ್ಲೇ. ಚೆನ್ನಾಗಿ ಎದ್ದು ಕಾಣ್ಬೇಕು. ದೂರದಿಂದ ನೋಡಿದ್ರೂ ಕಣ್ಣಿಗೆ ಹೊಡೀಬೇಕು."

"ನೆಳ್ಳು ಕೊಡ್ಲೇನ್ರಿ ಅಕ್ಷರಕ್ಕ? ಕೆಂಪು ನೆಳ್ಳು?"

"ಕೊಡು."

ದ್ಯಾಮಣ್ಣ ಉತ್ಸಾಹ ಬಂದವನಂತೆ ನಾಲ್ಕು ಅಂಕಿಗಳಿಗೂ ಕೆಂಪು ನೆರಳು ಕೊಟ್ಟು, ಎರಡರ ಬಾಲಕ್ಕೂ ಏಳರ ಕಾಲಿಗೂ ಒಂದೊಂದು ಸುಳಿ ಸುತ್ತಿದ. ಅಲಮೇಲುವಿಗೆ ಎಷ್ಟು ನೋಡಿದರೂ ಸಾಲದು ಅನ್ನಿಸಿತು.

ಯುಗಾದಿಯ ಬೆಳಿಗ್ಗೆ ರಾಗಿಗುಡ್ಡದ ದೇವಸ್ಥಾನದ ಮುಂದೆ ಕಾರು ನಿಂತಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಮುಂದೆ ಸೇವಂತಿಗೆ ಹಾರ. ನಂಬರ್ ಪ್ಲೇಟಿಗೆ ಮಾತ್ರ ಹಳೆಯ ಪೇಪರ್ ಅಂಟಿಸಿತ್ತು. ಅರ್ಚಕರು ಮಂಗಳಾರತಿ ಎತ್ತುವ ಮೊದಲು ಅಲಮೇಲು ಬಗ್ಗಿ ಪೇಪರನ್ನು ಪರ್ರನೆ ಕಿತ್ತು, ನೆಟ್ಟಗೆ ನಿಂತು ಗಂಡನ ಮುಖ ನೋಡಿದಳು. ಇಂಚರಳೂ ಅಪ್ಪನ ಕಡೆ ತಿರುಗಿದಳು.

ಸೀನು ಕನ್ನಡಕ ಮೇಲೇರಿಸಿ ಓದಿದ. "ಸಖತ್ತಾಗಿ ಬರೆದಿದಾನೆ ಕಣೆ. ಯಾರು ಬರೆದಿದ್ದು?"

"ನಂಬರ್ ಓದಿ."

"ಓದಿದೆ. ಎರಡು ಏಳು ಸೊನ್ನೆ ಐದು."

"ಏನು ಅಂತ ಗೊತ್ತಾಯ್ತಾ?"

ಸೀನು ಯೋಚಿಸಿದ. ನಿಜಕ್ಕೂ ಶ್ರದ್ಧೆಯಿಂದ ಯೋಚಿಸಿದ. "ಗ್ಯಾಸ್ ನಂಬರಾ?"

ಅರ್ಚಕರ ಮುಂದೆ ನಗುವುದೋ ಅಳುವುದೋ ತಿಳಿಯದೆ ಇಂಚರ ಅತ್ತ ತಿರುಗಿಬಿಟ್ಟಳು. ಮಂಗಳಾರತಿ ಮುಗಿದದ್ದೇ ಅಲಮೇಲು ಕಾರು ಹತ್ತಿ, ನಾಲ್ಕೂ ನಿಂಬೆಹಣ್ಣನ್ನು ಒಂದೇ ಏಟಿಗೆ ಚಪ್ಪಟೆ ಮಾಡಿ ಮನೆ ಕಡೆ ಓಡಿಸಿದಳು.

"ನೀನು ಬಾಯಿ ಬಿಟ್ರೆ ನೋಡು" ಎಂದು ಮಗಳಿಗೆ ಆ ಸಂಜೆಯೇ ತಾಕೀತಾಯಿತು. "ಈ ಸಲ ಮೇ ತಿಂಗಳಲ್ಲೂ ಹೇಳಕೂಡದು."

"ಅಮ್ಮಾ, ಅಪ್ಪಂಗೆ ಟೆಸ್ಟ್ ಇಟ್ರೆ ಫೇಲ್ ಆಗೋದು ನೀನೇ."

"ಆಗ್ಲಿ. ಮೂವತ್ತು ವರ್ಷ ಆಯ್ತು. ನನ್ನ ಒಂದು ದಿನ ಅವರ ತಲೇಲಿ ಇದೆಯೋ ಇಲ್ವೋ, ನಂಗೆ ಗೊತ್ತಾಗ್ಬೇಕು."

ಆಮೇಲೆ ಶುರುವಾಯಿತು ನೋಡಿ ಸೀನುವಿನ ಊಹೆ. ಬೆಳಿಗ್ಗೆ ಕಾಫಿ ಕುಡಿಯುತ್ತ "ಬ್ಯಾಂಕಿನ ಲಾಕರ್ ನಂಬರಾ?" ಎನ್ನುವನು. ಪುಳಿಯೋಗರೆ ಕಲಸುತ್ತಿದ್ದವಳ ಬಳಿ ಬಂದು "ನಿಮ್ಮಪ್ಪನ ಮನೆ ಡೋರ್ ನಂಬರಾ?" ಎನ್ನುವನು. ಒಂದು ದಿನ ಸ್ನಾನದ ಮನೆಯಿಂದಲೇ "ತಿರುಪತೀಲಿ ರೂಮ್ ಸಿಕ್ಕಿತ್ತಲ್ಲ, ಅದಾ?" ಎಂದು ಕೂಗಿದ. ಕಾರನ್ನು ಗುರುತಿಸುವುದಕ್ಕೂ ಅವನಿಗೆ ಬರಲಿಲ್ಲ. ಜಯನಗರ ಕಾಂಪ್ಲೆಕ್ಸಿನ ಮುಂದೆ ಯಾರದೋ ಬೆಳ್ಳಿ ಬಣ್ಣದ ಜೆನ್ನಿನ ಬಾಗಿಲು ಎಳೆದು, ಒಳಗೆ ಕೂತಿದ್ದ ಹೆಂಗಸಿನ ಕೈಲಿ ಬೈಸಿಕೊಂಡು ಬಂದ. ಕೆಂಪು ನೆರಳು, ಬಾಲ, ಸುಳಿ ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಮೇ ಇಪ್ಪತ್ತೇಳು ಸೋಮವಾರ ಬಂತು. ಅಲಮೇಲು ಬೇಕೆಂದೇ ಮದುವೆಯ ಧಾರೆ ಸೀರೆ ಉಟ್ಟಳು, ಪಾಯಸ ಮಾಡಿದಳು. ಸೀನು ಎರಡು ಬಟ್ಟಲು ಪಾಯಸ ಕುಡಿದು, "ಏನು ವಿಶೇಷ ಇವತ್ತು, ಹಬ್ಬ ಏನೂ ಇಲ್ವಲ್ಲ?" ಎಂದು ಕೇಳಿ, ಬ್ಯಾಂಕಿನ ನಿವೃತ್ತರ ಸಂಘಕ್ಕೆ ಹೊರಟುಹೋದ. ಇಂಚರ ಆಫೀಸಿಗೆ ಹೊರಟವಳು ಗೇಟಿನವರೆಗೂ ಹೋಗಿ ವಾಪಸು ಬಂದು ಅಮ್ಮನನ್ನು ತಬ್ಬಿಕೊಂಡಳು. ಅವಳು ಹೋದ ಮೇಲೆ ಅಲಮೇಲು ಅಡಿಗೆಮನೆಯಲ್ಲಿ ನಿಂತು ಅತ್ತಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಅವಮಾನವಾಗಿತ್ತು. ಊರಿನವರ ನಂಬರನ್ನೆಲ್ಲ ನೆನಪಿಟ್ಟುಕೊಂಡವಳು ನಾನು, ನನ್ನದೊಂದನ್ನು ನೆನಪಿಟ್ಟುಕೊಳ್ಳುವವರು ಯಾರೂ ಇಲ್ಲವಲ್ಲ ಅನ್ನಿಸಿತು.

ಇದಾಗಿ ಹದಿನೈದು ದಿನಕ್ಕೆ ಸಾರಕ್ಕಿ ಸಿಗ್ನಲ್ಲಿನಲ್ಲಿ ಟ್ರಾಫಿಕ್ಕಿನವರು ಅವಳ ಕಾರಿಗೆ ಕೈ ಅಡ್ಡ ಹಿಡಿದರು. ಹೆಡ್ ಕಾನ್‌ಸ್ಟೇಬಲ್ಲರ ಎದೆಯ ಮೇಲೆ ಚಿಕ್ಕಬೈರಪ್ಪ ಎಂದು ಹೆಸರಿತ್ತು.

"ಏನ್ ಮೇಡಂ ಇದು, ನಂಬರ್ ಪ್ಲೇಟಾ, ಮಿಠಾಯಿ ಅಂಗಡಿ ಬೋರ್ಡಾ?"

"ಎದ್ದು ಕಾಣ್ಲಿ ಅಂತ ಬರೆಸಿದ್ದು."

"ಕಾಣೋದೇನೋ ಕಾಣುತ್ತೆ. ಹಿಂಗೆಲ್ಲ ಬಾಲ ಬಿಡಂಗಿಲ್ಲ. ಆರ್‌ಸಿ ಕೊಡಿ."

ಆರ್‌ಸಿ ಬ್ರೀಫ್‌ಕೇಸಿನಲ್ಲಿತ್ತು, ಬ್ರೀಫ್‌ಕೇಸು ಮನೆಯಲ್ಲಿತ್ತು. ಅಲಮೇಲು ಹೆದರುವವಳಲ್ಲ. "ನೋಡಿ ಸಾರ್, ಮನೆ ಇಲ್ಲೇ ಫೋರ್ತ್ ಟಿ ಬ್ಲಾಕು. ಕಾರ್ ಇಲ್ಲೇ ಇರ್ಲಿ, ಲೈಸೆನ್ಸೂ ಇಟ್ಕೊಳ್ಳಿ. ಅರ್ಧ ಗಂಟೇಲಿ ತಂದು ತೋರಿಸ್ತೀನಿ" ಎಂದು ಅವರು ಹೂಂ ಅನ್ನುವುದರೊಳಗೆ ಆಟೋ ಹತ್ತಿದಳು.

ಬೀರುವಿನ ಮೇಲಿಂದ ಬ್ರೀಫ್‌ಕೇಸ್ ಇಳಿಸಿ ಟೆಲಿಫೋನಿನ ಪಕ್ಕದ ಮೇಜಿನ ಮೇಲಿಟ್ಟಳು. ಸೊನ್ನೆ ಸೊನ್ನೆ ಸೊನ್ನೆ. ತೆಗೆಯಲಿಲ್ಲ. ಅರೆ! ಒಂದು ಎರಡು ಮೂರು. ಇಲ್ಲ. ಅವನ ಹುಟ್ಟಿದ ದಿನ ಫೆಬ್ರವರಿ ಹದಿನೇಳು, ಒಂದು ಏಳು ಎರಡು. ಅದೂ ಅಲ್ಲ. ಮನೆಯ ನಂಬರು, ಇಂಚರ ಹುಟ್ಟಿದ ದಿನ, ಯಾವುದಕ್ಕೂ ಜಗ್ಗಲಿಲ್ಲ.

ಅವಳ ಬೆರಳು ಅಲ್ಲಿಗೆ ನಿಂತಿತು. ಇಪ್ಪತ್ತೇಳನೇ ತಾರೀಕು, ಐದನೇ ತಿಂಗಳು. ಸೊನ್ನೆ ಬಿಟ್ಟರೆ ಸರಿಯಾಗಿ ಮೂರು ಅಂಕಿ. ಎಲ್ಲಾದರೂ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಆಟ ಆಡ್ತಿದ್ದರೆ? ಎರಡು, ಏಳು, ಐದು ತಿರುಗಿಸಿ ಗುಂಡಿಯನ್ನು ಒತ್ತಿದಳು. ಲಾಕು ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ.

"ಆಯ್ತು ಬಿಡು" ಎಂದು ಅವಳು ಬ್ರೀಫ್‌ಕೇಸಿಗೇ ಹೇಳಿ, ಮುಖ ಒರೆಸಿಕೊಂಡು ನಿವೃತ್ತರ ಸಂಘಕ್ಕೆ ಫೋನ್ ತಿರುಗಿಸಿದಳು. ಅಧ್ಯಕ್ಷರಾದ ಸಂಜೀವಯ್ಯನವರು ಎತ್ತಿದರು. "ಸೀನೂ, ಮನೇಯಿಂದ ಕಣಯ್ಯಾ" ಎಂದು ಅವರು ಕೂಗಿದ್ದು, ಕುರ್ಚಿ ಜರುಗಿದ್ದು, ಚಪ್ಪಲಿ ಎಳೆದುಕೊಂಡು ಬಂದದ್ದು ಎಲ್ಲವೂ ಅವಳಿಗೆ ಕೇಳಿಸಿತು.

"ಏನೇ?"

"ಆರ್‌ಸಿ ಬೇಕು. ಬ್ರೀಫ್‌ಕೇಸ್ ನಂಬರ್ ಎಷ್ಟು? ಚೀಟೀಲಿ ಬರ್ಕೊಂಡಿದ್ರೆ ನೋಡಿ ಹೇಳಿ."

"ಚೀಟಿ ಯಾಕೆ? ಟೂ ಒನ್ ಫೋರ್."

ಯೋಚಿಸಲಿಲ್ಲ, ತಡವರಿಸಲಿಲ್ಲ. ದಿನಾ ಹನ್ನೊಂದು ಗಂಟೆಗೆ ಬ್ಯಾಂಕಿನಿಂದ "ಟೂ ಒನ್ ಫೋರ್ ಇದಾರಾ?" ಎಂದು ಕೇಳುತ್ತಿದ್ದ ಅದೇ ದನಿ, ಅದೇ ಅವಸರ.

"ಹಲೋ? ಕೇಳಿಸ್ತೇನೇ? ಲೈನ್ ಇದ್ಯಾ?"

"ಇದೆ" ಎಂದಳು. "ಯಾವಾಗ ಇಟ್ಟಿದ್ದು ಈ ನಂಬರು?"

"ತಂದ ದಿನಾನೇ. ನಂಬರ್ ಇಡಿ ಅಂದ ಅಂಗಡಿಯವನು, ಇಟ್ಟೆ." ಸೀನುವಿಗೆ ಇದರಲ್ಲಿ ಕೇಳುವಂಥದ್ದೇನಿದೆ ಎಂದು ಅರ್ಥವಾಗಲಿಲ್ಲ. "ನಂಗೆ ಇನ್ಯಾವ ನಂಬರ್ ಗೊತ್ತು ಹೇಳು? ಅದಿರ್ಲಿ, ಆರ್‌ಸಿ ಯಾಕೆ? ಏನಾಯ್ತು?"

"ಏನೂ ಇಲ್ಲ. ನೀವು ಇಡಿ."

ಅವಳು ರಿಸೀವರ್ ಇಟ್ಟಳು. ಎರಡು, ಒಂದು, ನಾಲ್ಕು. ಲಾಕು ಟಕ್ಕೆಂದು ತೆರೆದುಕೊಂಡಿತು. ಮೇಲೆಯೇ ಆರ್‌ಸಿ ಇತ್ತು, ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ರಬ್ಬರ್ ಬ್ಯಾಂಡ್ ಹಾಕಿದ್ದ. ತನಗೆ ಹೆಸರೇ ಇಲ್ಲದ ಹಾಗೆ ಮಾಡಿದ್ದ ಆ ನಂಬರನ್ನು ಈ ಮನುಷ್ಯ ಹದಿನೆಂಟು ವರ್ಷ ದಿನಾ ಬೆಳಿಗ್ಗೆ ಸಂಜೆ ಬೆರಳಲ್ಲಿ ತಿರುಗಿಸಿದ್ದನಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು. ಮುಚ್ಚಿ, ಗಾಲಿಗಳನ್ನು ಕಲಸಿ, ಬ್ರೀಫ್‌ಕೇಸನ್ನು ಇದ್ದ ಜಾಗದಲ್ಲೇ ಇಟ್ಟಳು.

ಚಿಕ್ಕಬೈರಪ್ಪ ಆರ್‌ಸಿ ತಿರುವಿ ನೋಡಿ, ಲೈಸೆನ್ಸಿನ ಜೊತೆಗೆ ವಾಪಸು ಕೊಟ್ಟರು. "ಬೇರೆ ಪ್ಲೇಟ್ ಬರೆಸಿ ಮೇಡಂ. ಪ್ಲೇನಾಗಿ. ಈ ಸಲ ಬಿಟ್ಟಿದೀನಿ."

"ನಾಳೇನೇ ಬರೆಸ್ತೀನಿ ಸಾರ್."

"ಇಷ್ಟೊಂದು ಶೃಂಗಾರ ಮಾಡಿದೀರಲ್ಲ, ಯಜಮಾನ್ರ ಲಕ್ಕಿ ನಂಬರಾ?"

"ಇಲ್ಲ, ಇದು ನಂದು. ಅವರದ್ದು ಬೇರೆ ಇದೆ" ಎಂದು ಅಲಮೇಲು ಕಾರು ಹತ್ತಿದಳು.

ಮನೆ ಕಡೆ ತಿರುಗಬೇಕಾದವಳು ನೆಟ್ಟಗೆ ಬಸವನಗುಡಿಗೆ ಹೋದಳು. ಸಂಘದ ಬಾಗಿಲು ಒಂದು ಗಂಟೆಗೆ ಹಾಕುತ್ತಿದ್ದರು. ಎದುರಿನ ಬಸ್ ಸ್ಟಾಪಿನಲ್ಲಿ ಸೀನು ಕೊಡೆ ಬಗಲಿಗಿಟ್ಟುಕೊಂಡು ನಿಂತಿದ್ದ. ಅವಳು ಕಾರನ್ನು ಮೆಲ್ಲಗೆ ತಂದು ಅವನ ಮುಂದೆಯೇ ನಿಲ್ಲಿಸಿದಳು.

ಸೀನು ಬಗ್ಗಿ ನಂಬರ್ ಪ್ಲೇಟ್ ಓದಿದ. ಯಾರದೋ ಕಾರೆಂದು ಒಂದು ಹೆಜ್ಜೆ ಹಿಂದೆ ಸರಿದು, ಬಸ್ಸು ಬರುವ ಕಡೆಗೆ ಕತ್ತು ಚಾಚಿದ. ಅಲಮೇಲು ಹಾರ್ನ್ ಒತ್ತಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತ ಕೂತಳು.